ಉರಿ ನಡೆಯುವ ದಾರಿ

ಅಕ್ಕಂದಿರೆ, ತಾಯಂದಿರೆ, ತಂಗಿಯರೆ,

ನಾವು ಹಗಲು ಹೊತ್ತು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು. ಸಂಜೆ ನಿಮ್ಮ ಜೊತೆ ಕೂತು ಅಕ್ಷರ ಕಲಿಸುವವರು. ಇವತ್ತು ಕಾಗುಣಿತದ ಪಾಠ ಇಲ್ಲ. ಇವತ್ತು ಬೆಂಕಿಯ ಮಾತು.

"ಬೆಂಕಿ ವಿಚಾರ ನಮಗೇ ಹೇಳಿಕೊಡ್ತೀರಾ?" ಅಂತ ನೀವು ನಗಬಹುದು. ನಗುವ ಮಾತೇ ಸರಿ. ಚಿಕ್ಕಂದಿನಿಂದ ಒಲೆ ಮುಂದೆ ಕೂತವರು ನೀವು. ಯಾವ ಸೌದೆ ಬೇಗ ಹತ್ತುತ್ತದೆ, ಯಾವುದು ಬರೀ ಹೊಗೆ ಕೊಡುತ್ತದೆ, ಯಾವ ಕೆಂಡ ಬಹಳ ಹೊತ್ತು ಇರುತ್ತದೆ, ಎಲ್ಲ ನಿಮಗೆ ಗೊತ್ತು. ಈಗ ಬಹಳ ಮನೆಗೆ ಗ್ಯಾಸ್ ಬಂದಿದೆ. ಆದರೂ ಬಚ್ಚಲ ಹಂಡೆಗೆ, ಹಬ್ಬದ ದೊಡ್ಡ ಅಡುಗೆಗೆ ಸೌದೆ ಒಲೆಯೇ ಬೇಕು.

ಆದರೆ ಒಂದು ಪ್ರಶ್ನೆ. ಬೆಂಕಿ ಒಂದು ಕಡೆ ಹತ್ತಿತು. ಅದು ಪಕ್ಕಕ್ಕೆ ಹೇಗೆ ಹೋಗುತ್ತದೆ? ಅದಕ್ಕೆ ಕಾಲಿಲ್ಲ. ಆದರೂ ಸೌದೆಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಸೆರಗಿನ ಅಂಚಿನಿಂದ ಮುಖಕ್ಕೆ ಬರುತ್ತದೆ. ಅಡುಗೆ ಕೋಣೆಯಿಂದ ಮಾಡಿಗೆ ಏರುತ್ತದೆ. ಅದು ನಡೆಯುವ ದಾರಿ ಗೊತ್ತಾದರೆ, ಆ ದಾರಿಯನ್ನು ಕಡಿಯಬಹುದು. ಅದಕ್ಕೇ ಈ ಮಾತು.

ಉರಿಯುವುದು ಯಾವುದು?

ಒಲೆಯನ್ನು ನೆನೆಸಿಕೊಳ್ಳಿ. ಸೌದೆ ಇಟ್ಟಿದ್ದೀರಿ. ಉರಿ ಆರಿದೆ, ಬರೀ ಹೊಗೆ ಬರುತ್ತಿದೆ. ಕಣ್ಣೆಲ್ಲ ನೀರು. ಊದುಗೊಳವೆಯಲ್ಲಿ ಉಫ್ ಅಂತ ಊದುತ್ತೀರಿ. ಆಗ ಏನಾಗುತ್ತದೆ? ಭಗ್ ಅಂತ ಉರಿ ಏಳುತ್ತದೆ. ಅಷ್ಟು ಹೊತ್ತು ಇದ್ದ ಹೊಗೆ ಬಹಳ ಕಡಿಮೆಯಾಗುತ್ತದೆ. ಹೊಗೆ ಎಲ್ಲಿ ಹೋಯಿತು? ಅದೇ ಉರಿಯಾಯಿತು.

ಇದೇ ಮೊದಲ ಗುಟ್ಟು. ಸೌದೆಗೆ ಕಾವು ತಾಗಿದಾಗ ಅದರ ಒಳಗಿಂದ ಒಂದು ಬಗೆಯ ಆವಿ ಹೊರಡುತ್ತದೆ. ಆ ಆವಿ ಗಾಳಿ ಜೊತೆ ಸೇರಿ ಹತ್ತಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣುವ ಉರಿ ಅಂದರೆ ಉರಿಯುವ ಆವಿ. ಆವಿ ಎಲ್ಲ ಮುಗಿದ ಮೇಲೆ ಉಳಿಯುವುದು ಕೆಂಡ. ಕೆಂಡ ಕೆಂಪಗೆ ಹೊಳೆಯುತ್ತದೆ, ಸುಡುತ್ತದೆ. ಆದರೆ ಉದ್ದನೆಯ ಉರಿ ಅದರಿಂದ ಏಳುವುದಿಲ್ಲ.

ನೀರು ಕುದಿಯುವುದು 100 ಡಿಗ್ರಿ ಶಾಖದಲ್ಲಿ. ಸೌದೆಯ ಮೈ ಹತ್ತಿಕೊಳ್ಳಬೇಕಾದರೆ ಅದರ ಮೂರು ಪಟ್ಟು, ಅಂದರೆ ಸುಮಾರು 300 ಡಿಗ್ರಿ ಶಾಖ ಬೇಕು.

ಮೇಣದ ಬತ್ತಿಯಲ್ಲೂ ಇದನ್ನು ನೋಡಬಹುದು. ಉರಿಯುವ ಬತ್ತಿಯನ್ನು ಊದಿ ಆರಿಸಿ. ಬಿಳಿ ಹೊಗೆ ಮೇಲೇಳುತ್ತದೆ. ಕೂಡಲೇ ಆ ಹೊಗೆಗೆ ಕಡ್ಡಿಯ ಉರಿ ಹಿಡಿಯಿರಿ. ಉರಿ ಹೊಗೆಯ ಮೇಲೇ ಓಡಿಹೋಗಿ ಬತ್ತಿಯನ್ನು ಹತ್ತಿಸುತ್ತದೆ! ಇಂಗ್ಲೆಂಡಿನಲ್ಲಿ ಮೈಕೇಲ್ ಫ್ಯಾರಡೆ ಎಂಬ ದೊಡ್ಡ ವಿಜ್ಞಾನಿ ಇದ್ದರು. 1860ರಲ್ಲಿ ಕ್ರಿಸ್‌ಮಸ್ ರಜೆಯ ಹೊತ್ತಿನಲ್ಲಿ ಅವರು ಲಂಡನ್ನಿನ ಮಕ್ಕಳಿಗೆ ಮೇಣದ ಬತ್ತಿಯ ಬಗ್ಗೆ ಆರು ಭಾಷಣ ಶುರು ಮಾಡಿದರು. ಈ ಫ್ಯಾರಡೆ ಯಾರು ಗೊತ್ತೇ? ಒಬ್ಬ ಕಮ್ಮಾರನ ಮಗ. ಶಾಲೆಗೆ ಹೋಗಿದ್ದು ಬಹಳ ಕಡಿಮೆ. ಹುಡುಗನಾಗಿದ್ದಾಗ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಕಟ್ಟಲು ಬಂದ ಪುಸ್ತಕಗಳನ್ನು ಓದಿ ಓದಿ ಕಲಿತರು. ಕಲಿಯುವ ಮನಸ್ಸಿದ್ದರೆ ದಾರಿ ಎಲ್ಲಿಂದಲಾದರೂ ತೆರೆಯುತ್ತದೆ, ಅಲ್ಲವಾ?

ಕೈಯಿಂದ ಕೈಗೆ

ಈಗ ಉರಿ ಹೇಗೆ ನಡೆಯುತ್ತದೆ ನೋಡೋಣ.

ಮನೆಗೆ ತಾರಸಿ ಹಾಕುವ ದಿನ ಕಲಸಿದ ಕಾಂಕ್ರೀಟು ಹೇಗೆ ಮೇಲೆ ಹೋಗುತ್ತದೆ? ಸಾಲಾಗಿ ನಿಂತು ಬಾಂಡ್ಲಿಯನ್ನು ಒಬ್ಬರು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಅವರು ಮುಂದಿನವರಿಗೆ ಕೊಡುತ್ತಾರೆ. ಉರಿ ನಡೆಯುವುದೂ ಹಾಗೇ. ಹತ್ತಿದ ಜಾಗ ತನ್ನ ಕಾವನ್ನು ಪಕ್ಕದ ಜಾಗಕ್ಕೆ ಕೊಡುತ್ತದೆ. ಪಕ್ಕದ ಜಾಗ ಕಾದು ಆವಿ ಬಿಡುತ್ತದೆ. ಆ ಆವಿ ಹತ್ತಿಕೊಳ್ಳುತ್ತದೆ. ಈಗ ಅದು ತನ್ನ ಪಕ್ಕಕ್ಕೆ ಕಾವು ಕೊಡುತ್ತದೆ. ಹೀಗೆ ಕೈಯಿಂದ ಕೈಗೆ, ಇಂಚಿಂಚಾಗಿ ಉರಿ ಮುಂದೆ ಹೋಗುತ್ತದೆ.

ಸಾಲಿನಲ್ಲಿ ನಡುವೆ ಒಬ್ಬರು ಇಲ್ಲದಿದ್ದರೆ? ಬಾಂಡ್ಲಿ ಅಲ್ಲೇ ನಿಂತಿತು. ಬೆಂಕಿಯೂ ಅಷ್ಟೆ. ಪಕ್ಕದ ಜಾಗ ಕಾಯದ ಹಾಗೆ ಮಾಡಿದರೆ ಅದು ಅಲ್ಲಿಗೇ ನಿಲ್ಲುತ್ತದೆ.

ಮೂರು ಕಡ್ಡಿಯ ಪರೀಕ್ಷೆ

ಇದನ್ನು ಕಣ್ಣಾರೆ ನೋಡಬೇಕು. ಕಲಿಕಾ ಕೇಂದ್ರದಲ್ಲಿ ಎಲ್ಲರೂ ಸೇರಿದಾಗ ಮಾಡಿ. ಮಕ್ಕಳ ಕೈಗೆ ಕೊಡಬೇಡಿ. ಸೆರಗು ಸಿಕ್ಕಿಸಿಕೊಳ್ಳಿ. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಕಡ್ಡಿಯ ಹಿಂದಿನ ತುದಿಯನ್ನು ಇಕ್ಕಳದಲ್ಲಿ ಹಿಡಿಯಿರಿ.

ಮೊದಲ ಕಡ್ಡಿ ಗೀರಿ. ಮದ್ದಿನ ತಲೆ ಮೇಲೆ ಇರುವ ಹಾಗೆ ನೆಟ್ಟಗೆ ಹಿಡಿಯಿರಿ. ಉರಿ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಎಷ್ಟೋ ಸಲ ಅರ್ಧಕ್ಕೇ ಆರಿಹೋಗುತ್ತದೆ.

ಎರಡನೇ ಕಡ್ಡಿಯನ್ನು ಅಡ್ಡ ಹಿಡಿಯಿರಿ. ಉರಿ ಸ್ವಲ್ಪ ಬೇಗ ನಡೆಯುತ್ತದೆ.

ಮೂರನೇ ಕಡ್ಡಿಯ ತಲೆಯನ್ನು ಕೆಳಗೆ ಮಾಡಿ ಹಿಡಿಯಿರಿ. ಉರಿ ಸರಸರ ಅಂತ ಮೇಲಕ್ಕೆ ಹತ್ತಿ ಬರುತ್ತದೆ. ಕೂಡಲೇ ನೀರಿಗೆ ಹಾಕಿ.

ಮೂರೂ ಒಂದೇ ಪೆಟ್ಟಿಗೆಯ ಕಡ್ಡಿ. ಉದ್ದ ಒಂದೇ, ಮರ ಒಂದೇ. ಮತ್ತೆ ಯಾಕೆ ಹೀಗೆ?

ಯಾಕೆ ಅಂದರೆ ಬಿಸಿ ಗಾಳಿ ಯಾವಾಗಲೂ ಮೇಲಕ್ಕೆ ಹೋಗುತ್ತದೆ. ಉರಿಯ ನಾಲಗೆಯೂ ಮೇಲಕ್ಕೇ ಚಾಚುತ್ತದೆ. ತಲೆ ಮೇಲಿದ್ದಾಗ ಉರಿಯ ಕಾವು ಬಯಲಿಗೆ ಹೋಯಿತು. ಕೆಳಗಿನ ಕಡ್ಡಿಗೆ ಕಾವು ಸಿಕ್ಕಿದ್ದು ಕಡಿಮೆ. ತಲೆ ಕೆಳಗಾದಾಗ ಇನ್ನೂ ಹತ್ತದ ಕಡ್ಡಿ ಉರಿಯ ದಾರಿಯಲ್ಲೇ ನಿಂತಿದೆ. ಉರಿ ಅದನ್ನು ಸುತ್ತ ತಬ್ಬಿಕೊಂಡಿತು. ಮುಂದಿನ ಜಾಗ ಒಂದೇ ಏಟಿಗೆ ಕಾಯಿತು.

ಉರಿ ಇಳಿಯುವಾಗ ಆಮೆ. ಹತ್ತುವಾಗ ಕುದುರೆ. ಈ ಒಂದು ಮಾತು ನೆನಪಿದ್ದರೆ ಸಾಕು, ಅರ್ಧ ಪಾಠ ಆಯಿತು.

ಗುಡ್ಡದ ಬೆಂಕಿಯೂ ಹೀಗೇ. ಗುಡ್ಡದ ಬುಡದಲ್ಲಿ ಹುಲ್ಲಿಗೆ ಬೆಂಕಿ ಬಿದ್ದರೆ ಅದು ನೆತ್ತಿಯ ಕಡೆಗೆ ಓಡುತ್ತದೆ. ಸೌದೆಗೆ ಹೋದಾಗ ಕೆಳಗಡೆ ಬೆಂಕಿ ಕಂಡರೆ ಗುಡ್ಡ ಹತ್ತಿ ತಪ್ಪಿಸಿಕೊಳ್ಳಲು ನೋಡಬೇಡಿ. ನಿಮಗಿಂತ ಅದು ಬೇಗ ಹತ್ತುತ್ತದೆ. ಪಕ್ಕಕ್ಕೆ ಸರಿದು, ಹುಲ್ಲಿಲ್ಲದ ಬಯಲಿಗೆ, ಬಂಡೆಯ ಕಡೆಗೆ ಹೋಗಿ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟುಹೋಯಿತು. ಬಿಸಿಲಿಗೆ ಒಣಗಿದ ಹುಲ್ಲು, ಪೊದೆ, ಜೊತೆಗೆ ಬೀಸುವ ಗಾಳಿ. ಬೆಂಕಿಗೆ ಇನ್ನೇನು ಬೇಕು?

ತೆಳುವು, ತೇವ, ಗಾಳಿ

ಉರಿಯ ನಡಿಗೆಗೆ ಇನ್ನೂ ಮೂರು ಕಾರಣ ಇವೆ. ಮೂರೂ ನೀವು ದಿನಾ ನೋಡುವಂಥವೇ.

ಮೊದಲನೆಯದು ತೆಳುವು. ಒಲೆ ಹಚ್ಚುವಾಗ ದೊಡ್ಡ ಬೊಡ್ಡೆಗೆ ಯಾರಾದರೂ ಕಡ್ಡಿ ಗೀರಿ ಹಿಡಿಯುತ್ತಾರಾ? ಇಲ್ಲ. ಮೊದಲು ತೆಂಗಿನ ಗರಿ, ಪುಳ್ಳೆ. ಆಮೇಲೆ ಮಟ್ಟೆ, ಕರಟ. ಕೊನೆಗೆ ಸೌದೆ. ದಪ್ಪ ಬೊಡ್ಡೆಗೆ ಕಾವು ಕೊಟ್ಟರೆ ಆ ಕಾವು ಒಳಗೆ ಹೋಗಿ ಹಂಚಿಹೋಗುತ್ತದೆ. ಮೇಲ್ಮೈ ಬೇಗ ಕಾಯುವುದಿಲ್ಲ. ತೆಳು ಗರಿಗೆ ಒಳಗೆ ಅನ್ನೋದೇ ಇಲ್ಲ. ಕಾವು ತಾಗಿದ ಕೂಡಲೇ ಕಾಯುತ್ತದೆ. ಎರಡು ಕಡೆಯಿಂದಲೂ ಗಾಳಿ ಸಿಗುತ್ತದೆ. ಅದಕ್ಕೇ ಗರಿ ಭರ್ ಅಂತ ಉರಿಯುತ್ತದೆ.

ಎರಡನೆಯದು ತೇವ. ಹಸಿ ಸೌದೆ ಒಲೆಗಿಟ್ಟರೆ ಹಿಂದಿನ ತುದಿಯಲ್ಲಿ ನೊರೆನೊರೆಯಾಗಿ ನೀರು ಬರುತ್ತದೆ. ಬೆಂಕಿಯ ಕಾವೆಲ್ಲ ಮೊದಲು ಆ ನೀರನ್ನು ಕುದಿಸಿ ಓಡಿಸಲು ಖರ್ಚಾಗುತ್ತದೆ. ಆಮೇಲೆ ತಾನೇ ಸೌದೆ ಕಾಯುವುದು? ಬೆಂಕಿಗೆ ನೀರು ಹಾಕುವುದೂ ಇದಕ್ಕೇ. ನೀರು ಕಾವನ್ನು ಕುಡಿದುಬಿಡುತ್ತದೆ.

ಮೂರನೆಯದು ಗಾಳಿ. ಗಾಳಿ ಯಾವ ಕಡೆಗೆ ಬೀಸುತ್ತದೋ ಉರಿ ಆ ಕಡೆಗೆ ಬಾಗುತ್ತದೆ. ಬಾಗಿದ ಕಡೆ ಮುಂದಿನ ಜಾಗ ಬೇಗ ಕಾಯುತ್ತದೆ. ಅದಕ್ಕೇ ಹುಲ್ಲಿನ ಮೆದೆಗಳನ್ನು ಮನೆಗೆ ಅಂಟಿಸಿ ಹಾಕಬಾರದು. ಒಂದಕ್ಕೊಂದು ತಾಗಿಸಿಯೂ ಹಾಕಬಾರದು. ನಡುವೆ ಬಯಲು ಬಿಡಬೇಕು. ಆ ಬಯಲಲ್ಲಿ ಕಸ ಕಡ್ಡಿ ಇರಬಾರದು. ಬಾಂಡ್ಲಿ ಸಾಲಿನಲ್ಲಿ ಒಬ್ಬರು ಕಡಿಮೆಯಾದ ಹಾಗೆ ಅದು. ಕಾಡಿನಲ್ಲಿ ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಉದ್ದಕ್ಕೆ ಹುಲ್ಲು ತೆಗೆದು ಬೆಂಕಿ ರೇಖೆ ಮಾಡುವುದೂ ಇದಕ್ಕೇ.

ಸೆರಗು

ಅಕ್ಕಂದಿರೆ, ಈಗ ನಾವು ಹೇಳಲೇಬೇಕಾದ ಮಾತಿಗೆ ಬಂದೆವು. ಸ್ವಲ್ಪ ಗಮನ ಕೊಟ್ಟು ಕೇಳಿ.

ನೀವು ಉಟ್ಟ ಸೀರೆಯನ್ನು ಒಮ್ಮೆ ನೋಡಿಕೊಳ್ಳಿ. ಸೀರೆ ತೆಳುವು. ಒಣಗಿದೆ. ಸೆರಗಿನ ಎರಡೂ ಕಡೆ ಗಾಳಿ ಇದೆ. ಅದು ಮೇಲಿಂದ ಕೆಳಗೆ ಇಳಿಬಿದ್ದಿದೆ. ನಾವು ಈಗ ಹೇಳಿದ್ದೆಲ್ಲ ಇದರಲ್ಲೇ ಇದೆ. ಒಲೆ ಇರುವುದು ಕೆಳಗೆ. ಬೆಂಕಿ ಹಿಡಿಯುವುದು ಸೆರಗಿನ ತುದಿಗೆ. ಮುಖ ಇರುವುದು ಮೇಲೆ. ತಲೆ ಕೆಳಗೆ ಮಾಡಿದ ಕಡ್ಡಿಯ ಹಾಗೆ ನಾವೇ ನಿಂತಿದ್ದೇವೆ. ಉರಿ ಹತ್ತಲು ಏಣಿ ಇಟ್ಟ ಹಾಗೆ.

ಹತ್ತಿಯ ಸೀರೆ ಭಗ್ ಅಂತ ಹತ್ತುತ್ತದೆ. ನೈಲಾನ್, ಪಾಲಿಯೆಸ್ಟರ್ ಸೀರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಯಾವುದನ್ನೂ ನಂಬುವ ಹಾಗಿಲ್ಲ. ಒಲೆ ಮುಂದೆ ಕೂರುವಾಗ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಉರಿಯುವ ಒಲೆಯ ಆಚೆ ಇಟ್ಟ ಡಬ್ಬಕ್ಕೆ ಬಾಗಿ ಕೈ ಚಾಚಬೇಡಿ. ಸೆರಗಿನಲ್ಲಿ ಬಿಸಿ ಪಾತ್ರೆ ಹಿಡಿದು ಇಳಿಸಬೇಡಿ. ಅದಕ್ಕೆ ಇಕ್ಕಳ ಇದೆ, ಮಸಿಬಟ್ಟೆ ಇದೆ.

ಆದರೂ ಸೀರೆ ಹತ್ತಿಕೊಂಡಿತು ಅನ್ನಿ. ಮನುಷ್ಯರು ಏನು ಮಾಡುತ್ತಾರೆ? ಕಿರುಚಿಕೊಂಡು ಓಡುತ್ತಾರೆ. ಓಡಿದರೆ ಗಾಳಿ ಬೀಸಿದ ಹಾಗೆ. ನಿಂತರೆ ಏಣಿ ಇಟ್ಟ ಹಾಗೆ. ಎರಡೂ ಬೆಂಕಿಗೇ ಸಹಾಯ.

ಅದಕ್ಕೇ ಮೂರು ಮಾತು ಬಾಯಿಪಾಠ ಮಾಡಿ: ನಿಲ್ಲಿ. ಮಲಗಿ. ಉರುಳಿ.

ಓಡುವುದನ್ನು ನಿಲ್ಲಿಸಿ. ಕೂಡಲೇ ನೆಲದ ಮೇಲೆ ಮಲಗಿ. ಎರಡು ಕೈಯಿಂದ ಮುಖ ಮುಚ್ಚಿಕೊಳ್ಳಿ. ಆ ಕಡೆ ಈ ಕಡೆ ಉರುಳಿ. ಮಲಗಿದಾಗ ಉರಿಗೆ ಹತ್ತಲು ಏಣಿ ಇಲ್ಲ. ಅದು ಮುಖದ ಕಡೆ ಏರುವ ಬದಲು ಬಯಲಿಗೆ ಏಳುತ್ತದೆ. ಉರುಳಿದಾಗ ಉರಿ ನೆಲಕ್ಕೆ ಒತ್ತಿ, ಗಾಳಿ ಸಿಗದೆ ಆರುತ್ತದೆ.

ಹತ್ತಿರ ಇದ್ದವರು ಏನು ಮಾಡಬೇಕು? ನೀರಿದ್ದರೆ ಸುರಿಯಿರಿ. ಕಂಬಳಿ ಅಥವಾ ದಪ್ಪನೆಯ ಜಮಖಾನ ಇದ್ದರೆ ಕತ್ತಿನಿಂದ ಕೆಳಕ್ಕೆ ಹೊದಿಸಿ ಒತ್ತಿ. ಮುಖಕ್ಕೆ ಮುಚ್ಚಬೇಡಿ. ನೈಲಾನ್ ಬಟ್ಟೆ ಹೊದಿಸಬೇಡಿ.

ಇನ್ನೊಂದು ಮಾತು. ಅಂಚು ಹತ್ತಿದ್ದು ಕೂಡಲೇ ಕಂಡರೆ ಸೀರೆ ಬಿಚ್ಚಿ ಬಿಸಾಡಬಹುದು. ಆಗ ನಮ್ಮ ಕೈ ಹಿಂಜರಿಯುತ್ತದೆ. "ಮಾವ ಇದ್ದಾರೆ, ಮೈದುನ ಇದ್ದಾನೆ, ಬೀದಿಯಲ್ಲಿ ಜನ ಇದ್ದಾರೆ" ಅನ್ನಿಸುತ್ತದೆ. ಹಾಗೆ ಯೋಚಿಸುವಷ್ಟರಲ್ಲಿ ಉರಿ ಮೊಣಕಾಲು ದಾಟಿ ಸೊಂಟಕ್ಕೆ ಬಂದಿರುತ್ತದೆ. ಬೆಂಕಿ ಹಿಡಿದ ಸೀರೆ ಬಿಚ್ಚಿದರೆ ಮಾನ ಹೋಗುವುದಿಲ್ಲ. ನೋಡಿದವರು ಇನ್ನೊಂದು ಬಟ್ಟೆ ತಂದು ಹೊದಿಸಲಿ. ಸೀರೆ ಇನ್ನೊಂದು ಬರುತ್ತದೆ. ನೀವು ಇನ್ನೊಬ್ಬರು ಬರುವುದಿಲ್ಲ.

ಉರಿ ಆರಿದ ಮೇಲೆ ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ. ನಲ್ಲಿ ನೀರು, ಕೊಡದ ನೀರು, ಶುದ್ಧವಾದ ಯಾವ ನೀರಾದರೂ ಸರಿ. ಉರಿ ಆರಿದರೂ ಕಾವು ಚರ್ಮದ ಒಳಗೆ ಇಳಿಯುತ್ತಲೇ ಇರುತ್ತದೆ. ನೀರು ಅದನ್ನು ತಡೆಯುತ್ತದೆ. ಮಂಜುಗಡ್ಡೆ ಬೇಡ. ಶಾಯಿ, ಟೂತ್‌ಪೇಸ್ಟ್, ದೋಸೆ ಹಿಟ್ಟು, ಎಣ್ಣೆ ಯಾವುದೂ ಬೇಡ. ಬಳೆ, ಉಂಗುರ ಕೂಡಲೇ ತೆಗೆಯಿರಿ, ಆಮೇಲೆ ಊದಿಕೊಳ್ಳುತ್ತದೆ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ. ಶುದ್ಧವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತಲೆಯ ಮೇಲಿನ ಬೆಂಕಿ

ಸೀರೆಯ ವಿಚಾರ ಆಯಿತು. ಈಗ ತಲೆಯ ಮೇಲಿನ ಮಾಡು, ಡೇರೆ, ಚಪ್ಪರದ ವಿಚಾರ.

ಬಿಸಿ ಗಾಳಿ ಮೇಲೆ ಹೋಗುತ್ತದೆ ಅಂದೆವು. ಮೇಲೆ ಸೋಗೆಯ ಮಾಡು ಇದ್ದರೆ ಆ ಕಾವು ಮಾಡಿನ ಒಳಮೈಗೆ ತಗುಲಿ, ಅದರ ಉದ್ದಕ್ಕೂ ಹರಡುತ್ತದೆ. ಸೋಗೆ ತೆಳುವು, ಒಣಗಿದೆ. ಒಂದು ಮೂಲೆ ಹತ್ತಿದರೆ ನೋಡನೋಡುತ್ತಾ ಮಾಡೆಲ್ಲ ಉರಿಯುತ್ತದೆ. ಡೇರೆಯ ಬಟ್ಟೆಯೂ ಹಾಗೇ.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಬೆಂಕಿಗೂ ನೂಕುನುಗ್ಗಲಿಗೂ ಸಿಕ್ಕಿ 92 ಜನ ಸತ್ತರು. ಬಹಳ ಮಂದಿ ಮಕ್ಕಳು.

1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿ ಎಂಬ ಊರಿನಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವ ನಡೆಯುತ್ತಿತ್ತು. ಶಾಮಿಯಾನಕ್ಕೆ ಬೆಂಕಿ ಹಿಡಿಯಿತು. 400ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಮಕ್ಕಳು ಮತ್ತು ಹೆಂಗಸರು.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಅಡುಗೆ ಮನೆಯ ಬೆಂಕಿ ಸೋಗೆಯ ಮಾಡಿಗೆ ಹತ್ತಿತು. ಅಲ್ಲಿಂದ ತರಗತಿಯ ಮಾಡಿಗೆ ಹೋಯಿತು. 94 ಮಕ್ಕಳು ಸುಟ್ಟುಹೋದರು. ಅವತ್ತು ಬೆಳಿಗ್ಗೆ ತಾಯಂದಿರು ತಲೆ ಬಾಚಿ, ಬುತ್ತಿ ಕಟ್ಟಿ ಕಳಿಸಿದ ಮಕ್ಕಳು.

ಊರು ಬೇರೆ, ವರ್ಷ ಬೇರೆ. ಆದರೆ ತಲೆಯ ಮೇಲೆ ಬೇಗ ಹತ್ತುವ ತೆಳು ಹೊದಿಕೆ ಮೂರು ಕಡೆಯೂ ಇತ್ತು. ಕೆಳಗೆ ಜನ ಕಿಕ್ಕಿರಿದಿದ್ದರು. ಬೇಗ ಹೊರಗೆ ಬರಲು ಆಗಲಿಲ್ಲ.

2009ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಮಕ್ಕಳಿಗೆ ಶಿಕ್ಷಣದ ಹಕ್ಕು ಇದೆ ಅಂದರೆ, ಅಪಾಯ ಇಲ್ಲದ ಶಾಲೆಯಲ್ಲಿ ಕಲಿಯುವ ಹಕ್ಕೂ ಇದೆ ಅಂತ ಹೇಳಿತು. ಕಾಗದದ ಮೇಲಿರುವ ಈ ಹಕ್ಕನ್ನು ಕೇಳುವವರು ಯಾರು? ನಾವೇ ಕೇಳಬೇಕು. ಮಗುವಿನ ಶಾಲೆಗೆ ಹೋದಾಗ ನೋಡಿ. ಅಡುಗೆ ಕೋಣೆ ತರಗತಿಗೆ ಅಂಟಿಕೊಂಡಿದೆಯೇ? ಎರಡನೇ ಬಾಗಿಲು ಇದೆಯೇ? ಅದಕ್ಕೆ ಬೀಗ ಹಾಕಿದ್ದಾರೆಯೇ? ನಮ್ಮಲ್ಲಿ ಕೆಲವರು ಶಾಲೆಯ ಎಸ್‌ಡಿಎಂಸಿ ಸದಸ್ಯರೂ ಇರಬಹುದು. ಸಭೆಯಲ್ಲಿ ಎದ್ದು ಕೇಳಿ. ಮದುವೆ ಚಪ್ಪರದಲ್ಲಿ, ಗಣೇಶನ ಪೆಂಡಾಲಿನಲ್ಲಿ ಕೂರುವ ಮುಂಚೆ ಹೊರಗೆ ಹೋಗುವ ದಾರಿ ಎಲ್ಲಿದೆ ಅಂತ ನೋಡಿಕೊಳ್ಳಿ. ಹೊಗೆ ತುಂಬಿದರೆ ಬಗ್ಗಿ, ಅಂಬೆಗಾಲಿಟ್ಟು ಬನ್ನಿ. ಬಿಸಿ ಹೊಗೆ ಮೇಲಿರುತ್ತದೆ. ಉಸಿರಾಡುವ ಗಾಳಿ ನೆಲದ ಹತ್ತಿರ ಇರುತ್ತದೆ.

ನೆನಪಿಡಿ

ಉರಿ ಮೇಲಕ್ಕೆ ಬೇಗ ಹತ್ತುತ್ತದೆ. ಕೆಳಕ್ಕೆ ನಿಧಾನ ಇಳಿಯುತ್ತದೆ.
ತೆಳುವಾದದ್ದು ಬೇಗ ಹತ್ತುತ್ತದೆ. ದಪ್ಪದ್ದು ತಡವಾಗಿ ಹತ್ತುತ್ತದೆ.
ಗಾಳಿ ಬೆಂಕಿಯನ್ನು ಓಡಿಸುತ್ತದೆ. ತೇವ ಅದನ್ನು ತಡೆಯುತ್ತದೆ.
ನಡುವೆ ಬಯಲು ಬಿಟ್ಟರೆ ಬೆಂಕಿಯ ದಾರಿ ಕಡಿಯುತ್ತದೆ.
ಸೀರೆ ಹತ್ತಿದರೆ ಓಡಬೇಡಿ. ನಿಲ್ಲಿ. ಮಲಗಿ. ಉರುಳಿ.

ಮಾಡಿ ನೋಡಿ

1. ಮನೆಯಲ್ಲಿ ಮಕ್ಕಳ ಜೊತೆ ಒಂದು ಸಲ ನೆಲದ ಮೇಲೆ ಮಲಗಿ ಉರುಳುವುದನ್ನು ಆಟದ ಹಾಗೆ ಅಭ್ಯಾಸ ಮಾಡಿ. ನಗು ಬಂದರೆ ನಗಿ. ಆದರೆ ಮಾಡಿ.

2. ನಿಮ್ಮ ಮನೆಯ ಒಲೆಯ ಸುತ್ತ ಮೂರು ಮೊಳ ಜಾಗ ನೋಡಿ. ಬೇಗ ಹತ್ತುವ ವಸ್ತು ಏನೇನಿದೆ? ಪಟ್ಟಿ ಬರೆಯಿರಿ. ಆಮೇಲೆ ಅವನ್ನು ದೂರ ಇಡಿ.

3. ಈ ಅಂಕಿಗಳನ್ನು ನಿಮ್ಮ ಕೈಯಾರೆ ಅಡುಗೆ ಮನೆಯ ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ: ಬೆಂಕಿ ಆರಿಸುವವರಿಗೆ 101. ಆಂಬುಲೆನ್ಸಿಗೆ 108. ಯಾವ ತುರ್ತು ಸಹಾಯಕ್ಕೂ 112.

ಇಷ್ಟು ದಿನ ಗೋಡೆ ಮೇಲೆ ಬೇರೆಯವರು ಬರೆದದ್ದನ್ನು ನೋಡುತ್ತಿದ್ದಿರಿ. ಈಗ ನೀವು ಬರೆದದ್ದನ್ನು ಮನೆಯವರೆಲ್ಲ ಓದಲಿ.